ಮರ ಮೊದಲು, ಬೆಳ್ಳಿ ಆಮೇಲೆ

"ಇದರ ವಯಸ್ಸು ಹೇಳ್ತೀರಂತೆ, ಹೌದಾ?"

ಕೇಳಿದವನು ಕೌಂಟರಿನ ಆಚೆ ನಿಂತಿದ್ದ. ಚಾಚಿದ ಅಂಗೈಯಲ್ಲಿ ಕರವಸ್ತ್ರ, ಅದರ ಮೇಲೆ ಹೊಗೆಸೊಪ್ಪು ಸೇದುವ ಹಳೆಯದೊಂದು ಪೈಪು. ಅವಳು ನೋಡಬೇಕಾದದ್ದು ಪೈಪನ್ನು. ನೋಡಿದ್ದು ಅವನ ಕಣ್ಣುಗಳನ್ನು!

ಹಳೇ ಸಾಮಾನಿನ ಆ ಅಂಗಡಿ ಅವಳ ಸೋದರಮಾವನದು. ಪೈಪುಗಳ ಮೇಲೆ ತಯಾರಕರು ಒತ್ತಿದ ಮುದ್ರೆ ನೋಡಿ, ಅವು ಯಾವ ವರ್ಷದವೆಂದು ಹೇಳುವುದು ಅವಳ ಕೆಲಸ. ಎಷ್ಟು ವರ್ಷ ಮಾಡಿದರೂ ಆ ಪುಟ್ಟ ಗುರುತು ಕಂಡಾಗ ಅವಳ ಮೈ ಜುಂ ಎನ್ನುತ್ತದೆ. ಯಾರೋ ಒಬ್ಬ ಕೆಲಸಗಾರ, ಯಾವುದೋ ಒಂದು ಬೆಳಗ್ಗೆ, ಸುತ್ತಿಗೆಯಿಂದ ಕೊಟ್ಟ ಒಂದೇ ಒಂದು ಏಟು… ಅವನು ಹೋಗಿ ಎಷ್ಟೋ ಕಾಲವಾದರೂ ಆ ಏಟು ಮಾತ್ರ ಮರದಲ್ಲಿ ಕೂತೇ ಇರುತ್ತದೆ.

ಬಂದವನು ಎದುರು ರಸ್ತೆಯ ಹಲ್ಲಿನ ಡಾಕ್ಟರು. ಊರವರಿಗೆಲ್ಲ ಸೇದುವುದು ಬಿಡಿ ಎಂದು ಬುದ್ಧಿ ಹೇಳುವ ತಾನೇ ಪೈಪು ಹಿಡಿದು ಬಂದಿದ್ದೇನೆಂದು ನಗುತ್ತಾ ಕಥೆ ಹೇಳಿದ. ಪೈಪು ಅವನ ಅಜ್ಜನದು. ಮದುವೆಯಾದ ಮರುವರ್ಷವೇ, ಮಗು ಹೊಟ್ಟೆಯಲ್ಲಿರುವಾಗಲೇ ಅಜ್ಜ ತೀರಿಕೊಂಡ. ಅವನ ಒಂದು ಫೋಟೋ ಕೂಡ ಇಲ್ಲ. ಉಳಿದದ್ದು ಇದೊಂದೇ, ಅದೂ ಅಜ್ಜಿಯ ಅತ್ತೆಯ ಪೆಟ್ಟಿಗೆಯಿಂದ ಅವಳ ಕೈಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಅಂದಿನಿಂದ ಅಜ್ಜಿ ಸಂಜೆಯಾದರೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ಅವಳು ಭೂತಗನ್ನಡಿ ಹಿಡಿದಳು. ಪೈಪಿನ ಕತ್ತಿಗೆ ಸುತ್ತಿದ ಬೆಳ್ಳಿಯ ಪಟ್ಟಿಯನ್ನು ಅವನು ಅಂದು ಬೆಳಗ್ಗೆಯಷ್ಟೇ ಉಜ್ಜಿ ತಂದಿದ್ದ. ವರ್ಷ ಸೂಚಿಸುವ ಅಕ್ಷರ ಅದರ ಮೇಲೆ ಸ್ಪಷ್ಟವಾಗಿತ್ತು. ಅಜ್ಜ ಹೋದದ್ದು ಯಾವಾಗ ಎಂದು ಕೇಳಿದಳು. ಅವನು ಹೇಳಿದ.

ಬೆಳ್ಳಿಯ ವರ್ಷ ಅದಕ್ಕಿಂತ ಎಷ್ಟೋ ಈಚಿನದು!

'ಅಯ್ಯೋ… ಹೇಗೆ ಹೇಳಲಿ ಇವನಿಗೆ?' ಗಲಿಬಿಲಿ ಮುಚ್ಚಿಡಲು ಹೋಗಿ ಮಾತು ಒರಟಾಯಿತು.

"ಇದು ನಿಮ್ಮಜ್ಜನದಾಗಿರೋಕೆ ಸಾಧ್ಯ ಇಲ್ಲ. ಹೀಗೆ ಬೆಲೆ ಏರಿಸೋಕೆ ಅಜ್ಜನ ಕಥೆ ಕಟ್ಕೊಂಡು ತುಂಬಾ ಜನ ಬರ್ತಾರೆ."

ಅವನ ಮುಖ ಸಪ್ಪಗಾಯಿತು. "ನಾನು ಮಾರೋಕೆ ಬಂದಿರ್ಲಿಲ್ಲ, ಮೇಡಂ," ಎಂದಷ್ಟೇ ಹೇಳಿ ಪೈಪನ್ನು ಸುತ್ತಿಕೊಂಡು ಹೊರಟುಹೋದ.

ಆಮೇಲೆ ಅವಳಿಗೆ ಕೆಲಸ ಓಡಲಿಲ್ಲ. ಎದುರಿನ ಕ್ಲಿನಿಕ್ಕಿನ ಬಾಗಿಲು ತೆರೆದಾಗಲೆಲ್ಲ ಕಣ್ಣು ಅತ್ತ ಹೋಗುತ್ತಿತ್ತು. ಅವನು ಮಾತ್ರ ತಪ್ಪಿಯೂ ಇತ್ತ ನೋಡುತ್ತಿರಲಿಲ್ಲ. ಹಲ್ಲು ತೋರಿಸಲು ಹೋಗಿಬಂದ ಮಾವ ಸುದ್ದಿ ತಂದ. ಡಾಕ್ಟರರ ಅಜ್ಜಿ ಪೈಪನ್ನು ಕಪಾಟಿಗೆ ಹಾಕಿ ಬೀಗ ಜಡಿದಿದ್ದಾಳಂತೆ. ಮೊಮ್ಮಗನಿಗೆ ಒಂದೇ ಮಾತು ಕೇಳಿದಳಂತೆ: "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಪೈಪು ಹಿಡ್ಕೊಂಡು ಕೂತಿದ್ದೆ?"

ಅವಳು ಭೂತಗನ್ನಡಿ ಕೆಳಗಿಟ್ಟಳು. ನಡೆದದ್ದೆಲ್ಲ ಮಾವನಿಗೆ ಹೇಳಿದಳು.

ಮಾವ ಕನ್ನಡಕ ತೆಗೆದ. "ನೀನು ಮೊದಲು ನೋಡಿದ್ದು ಏನನ್ನ?"

"ಬೆಳ್ಳೀನ."

"ನಾನು ಕಲಿಸಿದ್ದೇನು?"

ಮರ ಮೊದಲು, ಬೆಳ್ಳಿ ಆಮೇಲೆ… ಪೈಪಿನ ಕತ್ತು ಬಿರುಕು ಬಿಟ್ಟರೆ ರಿಪೇರಿಯವರು ಅದರ ಮೇಲೆ ಹೊಸ ಬೆಳ್ಳಿಪಟ್ಟಿ ಬಿಗಿಯುತ್ತಾರೆ. ಆಗ ಬೆಳ್ಳಿ ಹೇಳುವುದು ರಿಪೇರಿಯ ವರ್ಷವನ್ನು, ಪೈಪಿನ ವರ್ಷವನ್ನಲ್ಲ! ಈ ಕಸುಬಿನ ಮೊದಲ ಪಾಠವನ್ನೇ ಅವಳು ಮರೆತಿದ್ದಳು.

ಆ ಭಾನುವಾರ ಬೆಳಗ್ಗೆ ಅವಳು ಅವನ ಮನೆಯ ಬಾಗಿಲಲ್ಲಿದ್ದಳು. ಅವನು ಒಳಗೆ ಕರೆಯದೆ ನಿಂತ. ಮೊದಲು ಕ್ಷಮೆ ಕೇಳಿದಳು, ಆಮೇಲೆ ವಿಷಯ ವಿವರಿಸಿದಳು. ಪಟ್ಟಿ ಕಳಚಿದರೆ ನಿಜ ತಿಳಿಯಬಹುದು, ಆದರೆ ಹಳೆಯ ಮರ ಎರಡಾಗಿ ಸೀಳಿಹೋಗಲೂಬಹುದು. ಬೇಡವೇ ಬೇಡ ಎಂದ ಅವನು.

ಒಳಗಿನಿಂದ ಅಜ್ಜಿ ಕೀಲಿಕೈ ಹಿಡಿದು ಬಂದಳು. "ತೆಗಿ ಮಗಳೇ. ಒಡೆದ್ರೆ, ನನ್ನದಲ್ಲದ್ದು ಒಡೀತು ಅಂದ್ಕೋತೀನಿ."

ಒಳಗೆ ಮೇಜಿನ ಮೇಲೆ ಪೈಪನ್ನಿಟ್ಟು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅವಳು ಪಟ್ಟಿಗೆ ಸುತ್ತಿದಳು. ಒಳಗಿನ ಹಳೆಯ ಅಂಟು ಮೆತ್ತಗಾಗಬೇಕು. ಆದರೆ ಅವಳ ಬೆರಳುಗಳು ನಡುಗುತ್ತಿದ್ದವು. ಅವನು ಅದನ್ನು ನೋಡಿದ. ಪಕ್ಕದಲ್ಲಿ ಕೂತು, ಹಲ್ಲು ಕೀಳುವ ಆ ಗಟ್ಟಿ ಕೈಯಿಂದ ಪೈಪಿನ ಬುಡವನ್ನು ಅಲುಗದಂತೆ ಹಿಡಿದುಕೊಂಡ.

ಪಟ್ಟಿ ಮೆಲ್ಲಗೆ ಜರುಗಿತು… ಕಳಚಿ ಬಂತು. ಮರ ಒಡೆಯಲಿಲ್ಲ.

ಅಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅದರ ಪಕ್ಕದಲ್ಲೊಂದು ಮುದ್ರೆ. ಉಂಗುರದೊಳಗೆ ರೆಕ್ಕೆ ಬಿಚ್ಚಿದ ಹಕ್ಕಿ! ಪೈಪಿನ ಉಳಿದ ಮೈಯೆಲ್ಲ ಕೈ ತಾಗಿ ತಾಗಿ ಸವೆದಿತ್ತು. ಬೆಳ್ಳಿಯ ಮರೆಯಲ್ಲಿದ್ದ ಹಕ್ಕಿಗೆ ಮಾತ್ರ ಯಾರ ಬೆರಳೂ ಸೋಕಿರಲಿಲ್ಲ. ಒಂದೊಂದು ಗರಿಯೂ ಎಣಿಸುವಷ್ಟು ಚೊಕ್ಕವಾಗಿತ್ತು. ಇಂದು ಬೆಳಗ್ಗೆ ಒತ್ತಿದ್ದು ಎಂದರೂ ನಂಬಬಹುದಿತ್ತು. ಅವಳು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಅವನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಈ ಹಕ್ಕಿ ಹಾಕ್ತಿದ್ದ ಕಾರ್ಖಾನೆ, ನಿಮ್ಮಜ್ಜ ಹೋಗೋಕೆ ಮುಂಚೇನೇ ಮುಚ್ಚಿತ್ತು," ಎಂದಳು ಕೊನೆಗೆ. "ಪೈಪು ಅವರ ಕಾಲದ್ದೇ. ತಪ್ಪು ನನ್ನದು."

ಅಜ್ಜಿ ಭೂತಗನ್ನಡಿ ಕೇಳಿ ಪಡೆದಳು. ಬಹಳ ಹೊತ್ತು ಬಗ್ಗಿ ನೋಡಿದಳು.

"ಇದನ್ನ ಕೊಂಡು ತಂದ ದಿನ, ನೋಡು ಹಕ್ಕಿ ಇದೆ ಅಂತ ನಿಮ್ಮಜ್ಜ ತೋರಿಸಿದ್ರು ಕಣೋ. ಅತ್ತೆ ಯಾವಾಗ್ಲೋ ರಿಪೇರಿ ಮಾಡಿಸಿರ್ಬೇಕು, ಇದನ್ನ ಕೊಟ್ಟಾಗ ಎಷ್ಟು ಹುಡುಕಿದ್ರೂ ಹಕ್ಕಿ ಇರ್ಲಿಲ್ಲ. ನಂದೇ ಭ್ರಮೆ ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ." ಅಜ್ಜಿಯ ಹೆಬ್ಬೆರಳು ಹಕ್ಕಿಯನ್ನು ಸವರಿತು. "ಒಂದು ವರ್ಷದ ಸಂಸಾರ. ಅವರ ಮುಖಾನೇ ಮರೆತೋಗ್ತಿದೆ. ಹಕ್ಕೀನೂ ಸುಳ್ಳಾಗಿದ್ರೆ ಎಲ್ಲಾ ಸುಳ್ಳೇನೋ ಅನ್ನಿಸಿತ್ತು."

ಅವನು ಅಜ್ಜಿಯನ್ನು ತಬ್ಬಿಕೊಂಡ. ಮೇಜಿನ ಈಚೆ ಕೂತಿದ್ದ ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಜ್ಜಿ ಪೈಪನ್ನು ಎದೆಗವಚಿಕೊಂಡು ಕಿಟಕಿಯ ಬಳಿಯ ಕುರ್ಚಿಗೆ ಹೋದಳು. ಮೇಜಿನ ಬಳಿ ಅವರಿಬ್ಬರೇ ಉಳಿದರು.

"ನಿಮ್ಮ ಮಾವ ನಿಮ್ಮನ್ನ ಅಷ್ಟು ಹೊಗಳ್ತಾರೆ," ಎಂದ ಅವನು ಮೆಲ್ಲಗೆ. "ಮೊದಲ ಪಾಠ ಹೇಗೆ ತಪ್ಪಿತು ನಿಮಗೆ?"

ಸುಳ್ಳು ಹೇಳಬಹುದಿತ್ತು. ಆ ಹಕ್ಕಿಯನ್ನು ಕಂಡ ಮೇಲೆ ಅವಳಿಗೆ ಸುಳ್ಳು ಬರಲಿಲ್ಲ.

"ನಾನು ಪೈಪನ್ನೇ ನೋಡ್ತಿರ್ಲಿಲ್ಲ, ಡಾಕ್ಟ್ರೇ. ನಿಮ್ಮನ್ನ ನೋಡ್ತಿದ್ದೆ."

ಅವನ ಕಿವಿ ಕೆಂಪಾಯಿತು. ಆಮೇಲೆ ಮೇಜಿನ ಮೇಲಿದ್ದ ಅವಳ ಕೈ ಮೇಲೆ ತನ್ನ ಕೈಯಿಟ್ಟ. ಈಗ ನಡುಗುತ್ತಿದ್ದದ್ದು ಅವನ ಕೈ!

"ನೋಡಿ ಏನು ಗೊತ್ತಾಯ್ತು?"

"ಇನ್ನೂ ಏನೂ ಇಲ್ಲ," ಎಂದಳು ಅವಳು, ತಲೆ ತಗ್ಗಿಸಿ. "ಅವಸರದಲ್ಲಿ ಹೇಳಿ ಒಂದ್ಸಲ ಕೆಟ್ಟಿದೀನಿ. ಈ ಸಲ ತುಂಬಾ ದಿನ ನೋಡ್ಬೇಕಾಗುತ್ತೆ."

"ನೋಡಿ," ಎಂದ ಅವನು. "ನಾನು ಎಲ್ಲಿಗೂ ಹೋಗಲ್ಲ."