ಬಿಸಿಲಿಗೆ ಸಾಯುವ ಕೇಬಲ್

ಹತ್ತೂವರೆಗೆ ಸರಿಯಾಗಿ ಅಡುಗೆಮನೆಯ ಕಂಪ್ಯೂಟರ್ ಪರದೆ ಮತ್ತೆ ಖಾಲಿ! ಚೆನ್ನೈ ಟ್ರಿಪ್ಲಿಕೇನಿನ ಆ ಓಣಿಯಲ್ಲಿ ಬದರಿನಾಥರ ಹೋಟೆಲ್ ಈ ಕಡೆ, ಅವರದೇ ಲಾಡ್ಜ್ ಆ ಕಡೆ. ಲಾಡ್ಜಿನವರು ರೂಮಿನಿಂದ ಊಟ ಹೇಳಿದರೆ ಇಲ್ಲಿ ಕಾಣಬೇಕು. ಈಗ ಒಂದೂ ಇಲ್ಲ.

"ಎಂತ ಹರ್ಷಿಣಿ ಇದು?" ಬದರಿನಾಥರು ಸಿಡಿದರು. "ಹಳೇ ಟೀವಿ ಕೇಬಲ್ಲೇ ಸಾಕು, ಹೊಸದು ಎಳೆಯುದು ಬೇಡ ಅಂದದ್ದು ನೀನೇ ಅಲ್ವಾ ಮಾರಾಯ್ತಿ?"

ಹೌದು, ಅವಳೇ. ಎರಡು ಕಟ್ಟಡಗಳ ನಡುವೆ ಸುಮ್ಮನೆ ತೂಗುತ್ತಿದ್ದ ಕೇಬಲ್ಲಿನ ಎರಡೂ ತುದಿಗೆ ಪುಟ್ಟ ಡಬ್ಬಿ ಜೋಡಿಸಿ ನೆಟ್‌ವರ್ಕ್ ಹರಿಸಿದ್ದಳು. ಸ್ವಂತವಾಗಿ ಹಿಡಿದ ಮೊದಲ ಕೆಲಸ. ಹನ್ನೆರಡಕ್ಕೆ ಅದನ್ನು ಕಿತ್ತೆಸೆಯಲು ಕೇಬಲ್ ಗುತ್ತಿಗೆಯ ಭೋಜರಾಜ ಹೊಸ ವೈರಿನ ಸುರುಳಿ ಹೊತ್ತು ನಿಂತಿದ್ದ. ಮುಖದಲ್ಲಿ ನಗು ಬೇರೆ!

"ನೀವೇ ದಿನಾ ಕತ್ತರಿಸ್ತಿದ್ದೀರಾ?" ಹರ್ಷಿಣಿ ಕೇಳಿಯೇಬಿಟ್ಟಳು.

"ಕತ್ತರಿಸಿದ್ದು ಮೂರು ಗಂಟೆಗೆ ತಾನೇ ಕೂಡಿಕೊಳ್ಳುತ್ತಾ ತಾಯಿ?"

ಮಾತು ಸರಿ. ಸತ್ತ ದಿನವೆಲ್ಲ ಮೂರಕ್ಕೆ ಅದು ತಾನಾಗಿ ಬದುಕುತ್ತಿತ್ತು.

"ಸಾರ್, ಈಗಲೇ ಈ ಹೋಟೆಲಿನ ತಾರಸಿಗೆ ಹೋಗಿ ನೋಡ್ಲಾ?"

"ಆಗುದಿಲ್ಲ. ಮಡಿ ಉಂಟು. ಮೂರರ ಮೇಲೆ ಹೋಗು."

ವಾರದಿಂದ ಇದೇ ಉತ್ತರ. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳ ಕಿವಿಗೆ ಅದು ತಮಿಳಿನ 'ಮಾಡಿ' — ಅಂದರೆ ಮಹಡಿ. ಮಹಡಿ ಉಂಟು, ಸರಿ, ಅದಕ್ಕೇನೀಗ?

ಫೋನಿನಲ್ಲಿ ಗುರುತು ಹಾಕಿದ್ದ ದಿನಗಳನ್ನು ನೋಡಿದಳು. ಸೋಮವಾರ ಸತ್ತಿದೆ. ಮಂಗಳವಾರ, ಬುಧವಾರ ಸತ್ತಿಲ್ಲ. ಆ ಎರಡು ದಿನ ಜಡಿಮಳೆ! ಹಳೇ ಕೇಬಲ್ ಮಳೆಗೆ ಕೆಡಬೇಕು — ಇದು ಬಿಸಿಲಿಗೆ ಕೆಡುವುದೇ?

ಒಂದೇ ಓಟ. ಓಣಿ ದಾಟಿ ಲಾಡ್ಜಿನ ತಾರಸಿ ಹತ್ತಿ, ಎದುರಿನ ಹೋಟೆಲ್ ತಾರಸಿಯತ್ತ ಕಣ್ಣು ಹಾಯಿಸಿದಳು. ಅಯ್ಯಯ್ಯೋ!

"ಕಂಡುಪಿಡಿಚಿಟ್ಟೇನ್ ಸಾರ್, ಕಂಡುಹಿಡಿದೆ!" ಏದುಸಿರಿನಲ್ಲೇ ಬಂದಳು. "ಇದು ಮಾಡಿದ್ದು ನಿಮ್ಮ ತಾಯಿ. ಶಾರದಮ್ಮಜ್ಜಿ!"

"ಅಮ್ಮನಾ?!"

"ಒದ್ದೆ ಸೀರೇನ ಕೋಲಲ್ಲಿ ಎತ್ತಿ ಕೇಬಲ್ ಮೇಲೆ ಹರವಿದ್ದಾರೆ. ಭಾರಕ್ಕೆ ತುದಿಯ ಜಾಯಿಂಟ್ ಜಗ್ಗಿ ಲಿಂಕ್ ಹೋಗುತ್ತೆ. ಒಣಗಿದ್ದನ್ನ ತೆಗೆದ್ರೆ ಬರುತ್ತೆ. ಮಳೆ ದಿನ ಸೀರೆ ಒಳಗೇ ಒಣಗುತ್ತೆ, ಕೇಬಲ್ ಆರಾಮ! ನೀವು ಮಡಿ ಅಂದದ್ದು ನಂಗೆ ಕೋಲು ನೋಡಿದ ಮೇಲೇ ಹೊಳೆದದ್ದು. ಮಡಿಬಟ್ಟೆಗೆ ಯಾರೂ ತಾಗಬಾರ್ದು ಅಂತ ಆ ಹೊತ್ತಲ್ಲಿ ಮೇಲೆ ಬಿಡ್ಲಿಲ್ಲ. ಸೀರೆ ತೆಗೆದ ಮೇಲೆ ಹೋದ್ರೆ ಏನು ಸಿಗುತ್ತೆ ಸಾರ್?"

ಮೆಟ್ಟಿಲ ಮೇಲಿಂದ ಶಾರದಮ್ಮನ ದನಿ ಎದ್ದಿತು. "ಅದು ಸತ್ತ ವೈರು ಅಂತ ನೀನೇ ಹೇಳಿದ್ದಲ್ವಾ ಬದರಿ? ಅದಕ್ಕೆ ಜೀವ ಬಂದದ್ದು ನನಗೆ ಯಾರು ಹೇಳಿದ್ರು?"

ಬದರಿನಾಥರು ತಲೆ ಕೆರೆದುಕೊಂಡರು.

"ಅಜ್ಜೀ, ಸೀರೆ ನೀವೇ ಎತ್ತಿ. ನಾವ್ಯಾರೂ ಮುಟ್ಟೋದಿಲ್ಲ," ಎಂದಳು ಹರ್ಷಿಣಿ.

ಶಾರದಮ್ಮ ಗೊಣಗುತ್ತಲೇ ಮೇಲೆ ಹೋದರು. ಒಂದು ನಿಮಿಷ — ಎರಡು ನಿಮಿಷ — ಅಡುಗೆಯವರೆಲ್ಲ ಒಟ್ಟಿಗೆ ಬೊಬ್ಬೆ ಹೊಡೆದರು. ಪರದೆಯ ತುಂಬ ಲಾಡ್ಜಿನ ಊಟಗಳು!

ಹರ್ಷಿಣಿಗೆ ಕುಣಿಯಬೇಕೆನಿಸುವಷ್ಟು ಖುಷಿ. ಭೋಜರಾಜ ಸದ್ದಿಲ್ಲದೆ ಜಾರಿಕೊಂಡ.

"ಜಾಯಿಂಟ್ ಗಟ್ಟಿ ಮಾಡು. ಅಮ್ಮನಿಗೆ ಬೇರೆ ಹಗ್ಗ ಕಟ್ಟಿಸ್ತೇನೆ," ಬದರಿನಾಥರು ಮೆತ್ತಗಾದರು. "ಅಡ್ಯಾರಿನ ನಮ್ಮ ಎರಡು ಕಟ್ಟಡಕ್ಕೂ ಹೀಗೇ ಮಾಡಿಕೊಡ್ತೀಯಾ?"

"ಮಾಡ್ತೀನಿ ಸಾರ್. ಆದ್ರೆ ಅಲ್ಲಿಯ ಅಜ್ಜಿಯರನ್ನ ಮೊದಲೇ ತೋರಿಸ್ಬಿಡಿ!"