ಚುಕ್ಕಿ ಗೆರೆಯ ಹಿಡಿ

ನಾನು ಎರಡು ಮಗ್ ಟೀ ಹಿಡಿದು ಕುಲುಮೆಗೆ ವಾಪಸ್ ಬಂದರೆ, ಬ್ರಯೊನಿ ಆ ಲಯನೆಲ್‌ನ ಅಂಗೈ ಹಿಡಿದುಕೊಂಡು ನಿಂತಿದ್ದಳು. ಸ್ಕೇಲ್ ಇಟ್ಟು ಅಳೆಯುತ್ತಿದ್ದಳು, ನಿಜ. ಆದರೆ ಅಂಗೈ ಅಳೆಯುವುದಕ್ಕೆ ಅಷ್ಟು ಹೊತ್ತು ಬೇಕೇ?

"ಕಚಗುಳಿ ಆಗ್ತಿದೆ ಕಣೇ," ಅಂದ ಅವನು. ನಲವತ್ತು ದಾಟಿದ, ಮ್ಯೂಸಿಯಂನ ಡಾಕ್ಟರೇಟ್ ಸಾಹೇಬರು, ಕಚಗುಳಿಯಂತೆ! ಅದರ ಮೇಲೆ 'ಕಣೇ' ಬೇರೆ!

"ಅಲ್ಲಾಡ್ಬೇಡಿ," ಅಂತ ಅವಳು ನಕ್ಕಳು. ಕಿವಿಯ ಹಿಂದಿನ ಪೆನ್ಸಿಲ್ ತೆಗೆಯುವಾಗ ಒಂದು ಎಳೆ ಕೂದಲು ಅವಳ ಕೆನ್ನೆಗೆ ಬಿತ್ತು. ಅದನ್ನು ನಾನು ನೋಡಿದೆ. ಅವನೂ ನೋಡಿದ. ನನ್ನ ಟೀ ಕೈಯಲ್ಲೇ ತಣ್ಣಗಾಯಿತು.

ನಾನು ನೆಡ್ ಗ್ಯಾರಡ್, ಇಂಗ್ಲೆಂಡಿನ ಸಫೋಕ್‌ನ ಈ ಹಳ್ಳಿಯಲ್ಲಿ ಗೇಟು, ಕಂಬಿ ಮಾಡಿಕೊಂಡಿರುವ ಕಮ್ಮಾರ. ನಮ್ಮೂರ ಬಾರ್ಲಿ ಹೊಲದಲ್ಲಿ, ಹಳೇ ಸಮಾಧಿಯೊಳಗೆ, ಸಾವಿರದ ಐನೂರು ವರ್ಷ ಹಿಂದಿನ ಸ್ಯಾಕ್ಸನ್ ಜನರ ಕತ್ತಿ ಸಿಕ್ಕಿತ್ತು. ಕತ್ತಿ ಅನ್ನುವುದು ಮರ್ಯಾದೆಗೆ. ಇದ್ದದ್ದು ತುಕ್ಕಿನ ಮೂರು ತುಂಡು. ಅದರ ಎಕ್ಸ್-ರೇ ನೋಡಿ, ಹೊಸದಿದ್ದಾಗ ಹೇಗಿತ್ತು ಎಂದು ನಕ್ಷೆ ಬರೆಯುವುದು ಬ್ರಯೊನಿಯ ಕೆಲಸ. ನಕ್ಷೆಯಂತೆ ಹೊಸದೊಂದನ್ನು ಬಡಿಯುವುದು ನನ್ನದು.

ಆ ಕಾಲದವರು ಅಲಗಿನೊಳಗಿನ ಮೂರು ಕಬ್ಬಿಣದ ಸರಳುಗಳನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ, ಕೂಡಿಸಿ ಬಡಿದಿದ್ದರು. ಯಾವುದು ಎಡಕ್ಕೆ ತಿರುಚಿದ್ದು, ಯಾವುದು ಬಲಕ್ಕೆ ಎಂದು ನಾವಿಬ್ಬರೂ ಆರು ವಾರ ಜಗಳವಾಡಿದೆವು. ಆ ಜಗಳದಲ್ಲೇ ನಾನು ಕೆಟ್ಟೆ. ಬೆಳಿಗ್ಗೆ ಅವಳ ಸೈಕಲ್ ಬೆಲ್ ಕೇಳದಿದ್ದರೆ ಬೇಕನ್ ಬನ್ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದೆನೇ? ಎಲ್ಲಿಂದ!

ಅವಳ ನಕ್ಷೆಗೆ ಒಂದೇ ಕಾನೂನು. ಕಣ್ಣಿಗೆ ಕಂಡದ್ದಕ್ಕೆ ಗಟ್ಟಿ ಗೆರೆ, ಊಹೆಗೆ ಚುಕ್ಕಿ ಗೆರೆ. ಅಲಗಿಗೆಲ್ಲ ಗಟ್ಟಿ ಗೆರೆ ಬಂದಿತ್ತು. ಹಿಡಿ ಮಾತ್ರ ದನದ ಕೊಂಬಿನದು, ಮಣ್ಣಾಗಿ ಹೋಗಿತ್ತು. ಉಳಿದ ಗುರುತಿನಿಂದ ಉದ್ದ ತಿಳಿದಿತ್ತು, ದಪ್ಪ ತಿಳಿದಿರಲಿಲ್ಲ. "ಯಾರದ್ದಾದ್ರೂ ಕೈ ನೋಡಿ ಊಹಿಸ್ಬೇಕು," ಅಂದಿದ್ದಳು. ಆ ಕೈ ಲಯನೆಲ್‌ನದು ಎಂದು ಈಗ ತಿಳಿಯಿತಲ್ಲ.

ಅವನು ಹೊರಡುವಾಗ ನನ್ನ ಬೆನ್ನು ತಟ್ಟಿದ. "ಪ್ರದರ್ಶನದ ದಿನ ಕತ್ತಿ ಎತ್ತೋನು ನಾನೇ, ನೆಡ್. ಚೆನ್ನಾಗ್ ಮಾಡಪ್ಪ. ಆಮೇಲೆ ಬ್ರಯೊನಿನ ನಮ್ಮ ಯಾರ್ಕ್ ಮ್ಯೂಸಿಯಂಗೆ ಕರ್ಕೊಂಡ್ ಹೋಗ್ತಿದ್ದೀನಿ. ಮೂರು ವರ್ಷದ ಕೆಲಸ. ಶುಕ್ರವಾರ ಉತ್ತರ ಹೇಳ್ತಾಳೆ."

"ಸಂತೋಷ," ಅಂದೆ. ಆರಿದ್ದ ಕುಲುಮೆಗೆ ಸುಮ್ಮನೆ ತಿದಿ ಒತ್ತತೊಡಗಿದೆ.

ಮಾರನೆಯ ದಿನ ಬ್ರಯೊನಿ ಹಿಡಿಯ ನಕ್ಷೆಯನ್ನು ಮಡಚಿ ತಂದುಕೊಟ್ಟಳು. "ಬಿಚ್ಚಿ ನೋಡು," ಅಂದಳು. ಏನನ್ನೋ ಕಾಯುವವಳ ಹಾಗೆ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು.

"ಆಮೇಲ್ ನೋಡ್ತೀನಿ ಬಿಡು," ಅಂತ ಅದನ್ನು ಇಕ್ಕಳದ ಡಬ್ಬಿಗೆ ತುರುಕಿದೆ. ಅವಳ ಮುಖ ಸಣ್ಣದಾಯಿತು.

ಬಿಚ್ಚಲಿಲ್ಲ. ಆ ಕಚಗುಳಿ ಕೈಯ ಅಳತೆಗೆ ನಾನು ಕೊಂಬು ಉಜ್ಜಬೇಕಂತೆ! ಗುರುವಾರ ಇಡೀ ದಿನ ಕೂತು, ಮುಷ್ಟಿಯಲ್ಲಿ ಹಿಡಿದು ಹಿಡಿದು ನೋಡಿ, ಹಿಡಿಯನ್ನು ನನ್ನ ಕೈಗೇ ಕೂರಿಸಿದೆ. ಅವಳ ಕೆಲಸ ಹಾಳಾಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಶುಕ್ರವಾರ ಹತ್ತು ಗಂಟೆಗೆ ಅವಳು ಬಂದಳು. ಹೊರಗೆ ಲಯನೆಲ್‌ನ ಕಾರು ನಿಂತಿತು.

"ನಕ್ಷೆ ಎಲ್ಲಿ?" ಅಂದಳು. ಅಷ್ಟಕ್ಕೇ ನಾನು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಒದರಿಬಿಟ್ಟೆ.

"ತಪ್ಪಾಯ್ತು ಬ್ರಯೊನಿ. ನಿನ್ನ ನಕ್ಷೆ ಬಿಚ್ಚೇ ಇಲ್ಲ. ನನ್ನ ಕೈಗೆ ಸರಿಯಾಗಿ ಮಾಡ್ಕೊಂಡೆ. ಅವನ ಕೈಗೆ ಮಾಡೋಕೆ ನನ್ನಿಂದ ಆಗ್ಲಿಲ್ಲ. ಹೊಟ್ಟೆಕಿಚ್ಚು ಅಂತಾನೇ ಇಟ್ಕೋ."

ಅವಳು ಡಬ್ಬಿಯಿಂದ ಹಾಳೆ ತೆಗೆದು ಬಿಚ್ಚಿ, ಹಿಡಿಯನ್ನು ಚುಕ್ಕಿ ಗೆರೆಯ ಮೇಲಿಟ್ಟಳು. ನಾನು ಬಗ್ಗಿ ನೋಡಿದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕೆಳಗೆ ಅವಳ ಪುಟ್ಟ ಅಕ್ಷರ: 'ಊಹೆ. ಅಳತೆ, ಕಮ್ಮಾರನ ಕೈ.'

"ಮತ್ತೆ ಅವನ ಕೈ..."

"ಹನ್ನೊಂದು ಜನರ ಕೈ ಅಳೆದೆ ಮಾರಾಯ. ಪೋಸ್ಟ್‌ಮ್ಯಾನ್‌ದೂ ಅಳೆದೆ. ಲಯನೆಲ್ ಅವರದ್ದು ತೀರಾ ಅಗಲ, ಆ ಉದ್ದದ ಹಿಡಿಯಲ್ಲಿ ಕೂರೋದೇ ಇಲ್ಲ."

"ನನ್ನದು ಯಾವಾಗ ಅಳೆದೆ?"

"ನೀನು ಟೀ ತರೋಕೆ ಹೋದಾಗ ನಿನ್ನ ಸುತ್ತಿಗೆ ಅಳೆದೆ. ಹದಿನೆಂಟು ವರ್ಷ ಹಿಡಿದು ಹಿಡಿದು ಅದರ ಮರದ ಕಾವು ನಿನ್ನ ಅಂಗೈ ಹಾಗೇ ಸವೆದಿದೆ."

"ನನ್ನನ್ನೇ ಕೇಳಿದ್ರೆ ಕೊಡ್ತಿರ್ಲಿಲ್ವಾ ಕೈ?"

ಅವಳ ಕಿವಿ ಕೆಂಪಾಯಿತು. "ನಿನ್ನ ಕೈ ಹಿಡ್ಕೊಂಡಿದ್ರೆ ನಂಗೆ ಸ್ಕೇಲ್ ಓದೋಕೆ ಆಗ್ತಿರ್ಲಿಲ್ಲ, ದಡ್ಡ."

ಹೊರಗೆ ಕಾರಿನ ಹಾರ್ನ್ ಕೂಗಿತು. ಅವಳು ಬಾಗಿಲ ಕಡೆ ನೋಡಿ, ನನ್ನ ಕಡೆ ತಿರುಗಿದಳು. "ಉತ್ತರ ಕೇಳೋಕೆ ಬಂದಿದ್ದಾರೆ. ನಾನು ಊಹೆ ಮೇಲೆ ಜೀವನ ನಡೆಸೋಳಲ್ಲ ನೆಡ್. ಹೇಳೋದಿದ್ರೆ ಈಗ್ಲೇ ಹೇಳು."

"ಹೋಗ್ಬೇಡ," ಅಂದೆ. "ನೀನಂದ್ರೆ ನಂಗೆ ಪ್ರಾಣ. ಆ ಎಡ-ಬಲದ ಜಗಳದಿಂದಲೂ."

ಅವಳು ಹೊರಗೆ ಹೋದಳು. ಕಾರು ಹೊರಟ ಸದ್ದಾಯಿತು. ನಾನು ಕಬ್ಬಿಣ ಬಡಿಯುವ ಅಡಿಗಲ್ಲು ಹಿಡಿದುಕೊಂಡು ಅಲ್ಲೇ ನಿಂತೆ. ಆಮೇಲೆ ಹೆಜ್ಜೆ ಸದ್ದು ವಾಪಸ್ ಬಂತು.

"ಪಾಪ, ಬೇಜಾರು ಮಾಡ್ಕೊಂಡ್ರು," ಅಂದಳು. ಬಂದವಳೇ ಮಸಿ ಹಿಡಿದ ನನ್ನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. ಸ್ಕೇಲ್ ಮೇಜಿನ ಮೇಲೇ ಇತ್ತು.

"ಈಗಲಾದ್ರೂ ಆ ಚುಕ್ಕಿ ಮೇಲೆ ಗಟ್ಟಿ ಗೆರೆ ಎಳಿ," ಅಂದೆ.

"ಎಳೆಯಲ್ಲ. ಸತ್ತವನ ಕೈ ಹೇಗಿತ್ತೋ ನಂಗೇನ್ ಗೊತ್ತು? ನಂಗೆ ಗೊತ್ತಿರೋದು ಈ ಕೈ ಮಾತ್ರ."

ಪ್ರದರ್ಶನದ ದಿನ ಲಯನೆಲ್ ಎಲ್ಲರೆದುರು ಕತ್ತಿ ಎತ್ತಿದ. ಹಿಡಿತ ಬದಲಿಸಿದ. ಮತ್ತೆ ಬದಲಿಸಿದ. "ಯಾಕೋ ಕೈಗೆ ಕೂರ್ತಾನೇ ಇಲ್ಲ," ಅಂತ ಪಕ್ಕದವರಿಗೆ ಅಂದದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು.

"ನಕ್ಕರೆ ನೋಡು," ಅಂತ ಬ್ರಯೊನಿ ನನ್ನನ್ನು ಚಿವುಟಿದಳು. ಮುಖ ಆಚೆ ತಿರುಗಿಸಿಕೊಂಡು ಅವಳೇ ಮೊದಲು ನಕ್ಕಳು.