ಉಸಿರುಗಾಜು ನೀಲಿಯಾದಾಗ

ಶೆಡ್ಡಿನ ನಡುವೆ ತೂಗುಹಾಕಿದ್ದ ಗಾಜಿನ ಹಾಳೆ ಅಂಚಿನಿಂದ ನೀಲಿಗೆ ತಿರುಗತೊಡಗಿದಾಗ, ಕೆಳಗೆ ಕೋಳಿಗಳು ಎಂದಿನಂತೆ ಮೇವು ಕುಕ್ಕುತ್ತಿದ್ದವು. ಒಂದೂ ತೂಕಡಿಸುತ್ತಿರಲಿಲ್ಲ, ಯಾವುದರ ಜುಟ್ಟೂ ಕಪ್ಪಿಟ್ಟಿರಲಿಲ್ಲ.

ಅದು 2060ರ ಚಳಿಗಾಲ. ತುಂಗಭದ್ರೆಯ ಹಿನ್ನೀರಿಗೆ ದೂರದೇಶದ ಬಾತುಗಳು ಬಂದಿಳಿದಿದ್ದವು. ಹಕ್ಕಿಜ್ವರದ ವೈರಾಣು ಉಸಿರಿನ ತುಂತುರಿನಲ್ಲಿ ತೇಲಿಬಂದು ಈ ಉಸಿರುಗಾಜಿನ ಲೇಪಕ್ಕೆ ಅಂಟಿದರೆ ಬಣ್ಣ ಬದಲಾಗುತ್ತಿತ್ತು. ಆ ಲೇಪವನ್ನು ಕಂಡುಹಿಡಿದವರು ಡಾ. ರುಕ್ಸಾನಾ ನದಾಫ್. ಕೋಳಿ ಕಾಯಿಲೆ ಬೀಳುವ ಮೊದಲೇ ಸುಳಿವು ಸಿಗುತ್ತಿದ್ದುದರಿಂದ ಜನ ಮತ್ತೆ ಧೈರ್ಯವಾಗಿ ಕೋಳಿ, ಮೊಟ್ಟೆ ತಿನ್ನತೊಡಗಿದ್ದರು.

ಸುದ್ದಿ ತಲುಪಿದೊಡನೆ ರುಕ್ಸಾನಾ ಹೊಸಪೇಟೆಯಿಂದ ಧಾವಿಸಿದರು. ಗಾಜು ನೀಲಿಯಾದ ಶೆಡ್ಡಿನ ಕೋಳಿಗಳನ್ನೆಲ್ಲ ಕೊಲ್ಲಬೇಕೆಂಬುದು ನಿಯಮ; ಫಾರಂನ ಯಜಮಾನ ಪಂಪಾಪತಿ ಗೇಟಿನಲ್ಲೇ ಅಡ್ಡ ನಿಂತ.

“ಕೋಳಿ ಎಲ್ಲಾ ಚಂದಾಗೇ ಅದಾವ್ರಿ ಮೇಡಮ್ಮರ. ಸುಮ್ನ ಹ್ಯಾಂಗ ಕೊಲ್ಲಾದು?”

“ಇನ್ನೆರಡು ದಿನದಲ್ಲಿ ಅವೇ ಸಾಲಾಗಿ ಬೀಳ್ತಾವೆ ಪಂಪಾಪತಿ. ಅಷ್ಟರೊಳಗೆ ಸುತ್ತಲ ಶೆಡ್‌ಗಳಿಗೂ ಹರಡಿರುತ್ತೆ.”

ಅವನು ತಲೆತಗ್ಗಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಮುಂಜಾನಿ ತತ್ತಿ ಲೋಡು ಸಾಲಿಗಳ ಬಿಸಿಯೂಟಕ್ಕ ಹೋಗೇತ್ರಿ. ಹುಡುಗ್ರು ತಿಂದಿರ್ತಾವು. ಏನಾರ ಆಗ್ತೈತೇನು?”

“ಪೂರ್ತಿ ಗಟ್ಟಿಯಾಗೋ ಹಾಗೆ ಬೇಯಿಸಿದ್ರೆ ವೈರಾಣು ಉಳಿಯಲ್ಲ. ಹಸಿಯದು, ಅರೆಬೆಂದದ್ದು ತಿನ್ನಬಾರದು ಅಷ್ಟೆ. ಉಳಿದ ಮೊಟ್ಟೆ ವಾಪಸ್ ತರಿಸೋಕೆ ಹೇಳಿದೀನಿ.”

ಅಷ್ಟರಲ್ಲಿ ಪಂಪಾಪತಿಯ ಹೆಂಡತಿ ಹುಲಿಗೆಮ್ಮ ಮೊಟ್ಟೆಯ ಟ್ರೇ ಹೊತ್ತು ಶೆಡ್ಡಿನಿಂದ ಬಂದಳು. ಮುಖಕ್ಕೆ ಮಾಸ್ಕಿರಲಿಲ್ಲ. ಟ್ರೇ ಇಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎರಡು ಸಲ ಕೆಮ್ಮಿದಳು.

ರುಕ್ಸಾನಾ ಅವಳನ್ನೇ ನೋಡುತ್ತ ನಿಂತರು. ಕೋಳಿಗಳಿಗೆಂದು ಮಾಡಿದ್ದ ಗಾಜನ್ನು ಮನುಷ್ಯರ ಮುಂದೆ ಹಿಡಿಯಬೇಕೆಂದು ಇಷ್ಟು ವರ್ಷ ಯಾರಿಗೂ ತೋಚಿರಲಿಲ್ಲ; ಅವರಿಗೂ ತೋಚಿರಲಿಲ್ಲ. ಅಂಗಳದ ಆಚೆ ತುದಿಗೆ ಅವಳನ್ನು ಕರೆದೊಯ್ದು, ಚೀಲದಿಂದ ಹೊಸ ಗಾಜೊಂದನ್ನು ತೆಗೆದು ಅವಳ ಮುಖದೆದುರು ಹಿಡಿದರು.

“ಇದಕ್ಕೆ ಉಸಿರು ಬಿಡಮ್ಮ.”

“ನಾನೇನ್ ಕೋಳಿ ಏನ್ರಿ?” ಎಂದು ನಗುತ್ತಲೇ ಹುಲಿಗೆಮ್ಮ ಊದಿದಳು.

ಗಾಜು ನಿಧಾನವಾಗಿ ನೀಲಿಯಾಯಿತು. ಅವಳ ನಗು ಅಲ್ಲೇ ನಿಂತಿತು.

“ಮೈ ಬೆಚ್ಚಗೂ ಇಲ್ಲ ನನಗ,” ಎಂದಳು. ಮರುಕ್ಷಣ ಅವಳ ಕಣ್ಣು ಮನೆಯ ಬಾಗಿಲತ್ತ ಹೊರಳಿತು. ಒಳಗೆ, ಬಾಣಂತನಕ್ಕೆ ಬಂದಿದ್ದ ಮಗಳ ಕೂಸು ತೊಟ್ಟಿಲಲ್ಲಿತ್ತು. “ಕೂಸು ರಾತ್ರಿಯೆಲ್ಲ ನನ್ನ ಎದಿಮ್ಯಾಲ ಮಲಗಿತ್ರಿ.”

ಕೂಸಾಗಲಿ, ಅದರ ತಾಯಿಯಾಗಲಿ ಶೆಡ್ಡಿನ ಹತ್ತಿರ ಸುಳಿದಿರಲಿಲ್ಲ. ರುಕ್ಸಾನಾ ಹೊಸ ಮಾಸ್ಕು, ಕೈಗವಸು ಹಾಕಿಕೊಂಡು ಒಳಗೆ ಹೋದರು. ಮೊದಲು ತಾಯಿಯ ಮುಂದೆ ಗಾಜು ಹಿಡಿದರು. ಅದು ತಿಳಿಯಾಗಿಯೇ ಉಳಿಯಿತು. ಮತ್ತೊಂದು ಗಾಜನ್ನು ಕೂಸಿನ ಮೂಗಿನ ಬಳಿ ಹಿಡಿದರು. ಕೂಸು ಗಾಢ ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಗಾಜಿನ ಮೇಲೆ ಮಂಜು ಮೂಡಿ ಮಾಯವಾಯಿತು, ಮತ್ತೆ ಮೂಡಿತು. ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಕಾಣಿಸಿತು. ಅದು ಅಗಲವಾಯಿತು.

ವೈರಾಣು ಕೋಳಿಯಿಂದ ಮನುಷ್ಯನಿಗೆ ಬರುವುದು ಹಳೆಯ ಸಂಗತಿ. ಮನುಷ್ಯನಿಂದ ಮನುಷ್ಯನಿಗೆ ದಾಟುವುದನ್ನೂ ಅದು ಕಲಿತುಬಿಟ್ಟಿತೇ? ರುಕ್ಸಾನಾ ಆಂಬುಲೆನ್ಸಿಗೆ ಕರೆ ಮಾಡಿ ಶಾಂತವಾಗಿ ವಿಳಾಸ ಹೇಳಿದರು.

ಸಂಜೆ ಜಿಲ್ಲಾಸ್ಪತ್ರೆಯ ಸಭಾಂಗಣ ಪತ್ರಕರ್ತರಿಂದ ತುಂಬಿತ್ತು. ಮೇಲಿನ ಮಹಡಿಯಲ್ಲಿ ಹುಲಿಗೆಮ್ಮನಿಗೆ ಜ್ವರ ಏರತೊಡಗಿತ್ತು. ಕೂಸಿಗೆ ಆಗಲೇ ಔಷಧಿ ಶುರುವಾಗಿತ್ತು. ರುಕ್ಸಾನಾ ಬಾಯಿ ತೆರೆಯುವ ಮುನ್ನವೇ ನಾಲ್ಕೈದು ದನಿಗಳು ಒಟ್ಟಿಗೆ ಕೇಳಿದವು.

“ಡಾಕ್ಟ್ರೇ, ಮೊಟ್ಟೆ ತಿನ್ನಬಹುದಾ?”

“ಚೆನ್ನಾಗಿ ಬೇಯಿಸಿ ತಿನ್ನಬಹುದು.”

“ಕೋಳಿ?”

“ಅದೂ ಅಷ್ಟೆ.”

ಸಭೆ ಹಗುರವಾಗಿ ಉಸಿರುಬಿಟ್ಟಿತು. ಕ್ಯಾಮರಾಗಳು ಆರಿದವು, ಕುರ್ಚಿಗಳು ಸರಿದವು. ಆ ಮೊಟ್ಟೆಗಳನ್ನು ಆರಿಸಿದ ಕೈ ಯಾರದು, ಅವರು ಹೇಗಿದ್ದಾರೆ ಎಂದು ಒಬ್ಬರಾದರೂ ಕೇಳಿಯಾರೆಂದು ರುಕ್ಸಾನಾ ಕಾದರು. ಮುಂದಿನ ಸಾಲು ಆಗಲೇ ಬಾಗಿಲ ಬಳಿ ಇತ್ತು.

“ದಯವಿಟ್ಟು ಕೂತ್ಕೊಳ್ಳಿ,” ಎಂದರು ಅವರು. “ಊಟದ ತಟ್ಟೆ ವಿಷಯ ಮುಗೀತು. ಇನ್ನು ಮನುಷ್ಯರ ವಿಷಯ ಹೇಳ್ಬೇಕು.”